ಸಿರಿಂಜ್ ಕೈಗೆತ್ತಿಕೊಳ್ಳುವ ಮೊದಲು

ಬೆಂಗಳೂರಿನ ಪದ್ಮನಾಭನಗರ, ಕದಿರೇನಹಳ್ಳಿ, ಚಿಕ್ಕಲ್ಲಸಂದ್ರ, ಬನಶಂಕರಿ ಸುತ್ತಮುತ್ತಲ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಗಳ ಆಪರೇಟರ್‌ಗಳಿಗೆ ಮತ್ತು ಅವರ ಮಾಲೀಕರಿಗೆ ಒಂದು ಬಹಿರಂಗ ಪತ್ರ



ಶ್ರದ್ಧಾಂಜಲಿ ಬ್ಯಾನರ್‌ನ ಆರ್ಡರ್ ಹೊತ್ತು ನೋಡಿ ಬರುವುದಿಲ್ಲ. ರಾತ್ರಿ ಶಟರ್ ಅರ್ಧ ಎಳೆದ ಮೇಲೆ ಬರುತ್ತದೆ, ಬೆಳಿಗ್ಗೆ ಆರಕ್ಕೆಲ್ಲ ಬೇಕಾಗಿರುತ್ತದೆ. ಮನೆಯವರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮಸುಕು ಫೋಟೋವನ್ನು ಡಿಸೈನರ್ ಹೇಗೋ ತಿದ್ದಿ ಕೊಟ್ಟಿರುತ್ತಾನೆ. ಮಷಿನ್ ಓಡತೊಡಗಿ ಮುಖ ಮೂಡುತ್ತಿರುವಾಗಲೇ ಹಣೆಯ ಮೇಲೆ ಅಡ್ಡ ಗೆರೆಗಳು ಕಾಣಿಸಿಕೊಳ್ಳುತ್ತವೆ. ‘ಅಣ್ಣಾ, ಮೆಜೆಂಟಾದಲ್ಲಿ ಲೈನ್ ಬರ್ತಿದೆ’ ಎನ್ನುತ್ತಾನೆ ಹುಡುಗ. ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು ಸತ್ತವರ ಕಡೆಯವರು ಕಾಯುತ್ತಿರುತ್ತಾರೆ. ಆಗ ಆಪರೇಟರ್‌ನ ಕೈ ತಾನಾಗಿ ಹೋಗುವುದು ಹೆಡ್ ತೊಳೆಯುವ ಸಿರಿಂಜ್ ಕಡೆಗೆ.

ಈ ಪತ್ರ ಆ ಕೈಯನ್ನು ಸ್ವಲ್ಪ ತಡೆಯಲಿಕ್ಕಾಗಿ. ಹಗಲೂ ರಾತ್ರಿ ಓಡಿಸಿದ್ದಕ್ಕೆ ಹೆಡ್ ಹೋಯಿತು ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಆದರೆ ಓಡುವ ಹೆಡ್‌ನಲ್ಲಿ ಹೊಸ ಇಂಕ್ ಹರಿಯುತ್ತಲೇ ಇರುತ್ತದೆ, ಅಲ್ಲಿ ಒಣಗುವುದಕ್ಕೆ ಸಮಯವೇ ಇರುವುದಿಲ್ಲ. ಹೆಡ್ ಕೆಡುವುದು ಮೊದಲು ಸುಮ್ಮನೆ ನಿಂತಿದ್ದರಿಂದ, ಆಮೇಲೆ ಅವಸರದಲ್ಲಿ ತೊಳೆದದ್ದರಿಂದ. ಎರಡನ್ನೂ ತಪ್ಪಿಸಬಹುದು, ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ನಮ್ಮ ಕಡೆ ಮಷಿನ್‌ಗೆ ಅದರ ಕಂಪನಿಯ ಹೆಸರಿಗಿಂತ ಹೆಡ್‌ನ ಹೆಸರೇ ನಿಲ್ಲುತ್ತದೆ. ‘ಕೊನಿಕಾ ಮಷಿನ್’, ‘ಪೋಲಾರಿಸ್ ಮಷಿನ್’, ‘ಎಪ್ಸನ್ ಹೆಡ್ ಮಷಿನ್’ ಎಂದೇ ಮಾತು. ಅದು ಸರಿಯಾದದ್ದೇ, ಏಕೆಂದರೆ ಮಷಿನ್‌ನ ಬೆಲೆಬಾಳುವ ಜೀವವೆಲ್ಲ ಅಲ್ಲಿದೆ. ಕೊನಿಕಾ ಮಿನೋಲ್ಟಾದ 512 ಹೆಡ್ ತೆಗೆದುಕೊಳ್ಳಿ. ಅದರ ತಳದ ತಟ್ಟೆಯಲ್ಲಿ ಸುಮಾರು 36 ಮಿಲಿಮೀಟರ್ ಅಗಲದೊಳಗೆ 512 ನಾಜಲ್‌ಗಳಿವೆ. ಎಂಟು ಹೆಡ್‌ನ ಮಷಿನ್ ಆದರೆ ಒಟ್ಟು 4,096 ರಂಧ್ರಗಳು. ಫ್ಲೆಕ್ಸ್‌ಗೆ ಹೆಚ್ಚು ಬಳಕೆಯಾದ 42 ಪಿಕೋಲೀಟರ್ ಮಾದರಿಯಲ್ಲಿ ಒಂದೊಂದು ಹನಿಯ ಅಡ್ಡಳತೆ ಸುಮಾರು 43 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ಸಣ್ಣದು. ಒಂದು ಮಿಲಿಲೀಟರ್ ಇಂಕ್‌ನಲ್ಲಿ ಅಂಥ ಹನಿಗಳು ಎರಡು ಕೋಟಿಗೂ ಮೇಲಿವೆ. ಎಪ್ಸನ್‌ನ ಡಿಎಕ್ಸ್5 ಹೆಡ್‌ನಲ್ಲಿ ಎಂಟು ಸಾಲುಗಳಲ್ಲಿ 1,440 ನಾಜಲ್, ಹನಿ ಇನ್ನೂ ಚಿಕ್ಕದು.

ಆ ಹನಿಯನ್ನು ಚಿಮ್ಮಿಸುವುದು ಪೀಜೋ ಸೆರಾಮಿಕ್. ಕರೆಂಟ್ ಕೊಟ್ಟರೆ ಕೂದಲೆಳೆಯಷ್ಟೂ ಇಲ್ಲದ ಪ್ರಮಾಣದಲ್ಲಿ ಬಾಗುವ ವಸ್ತು ಅದು. ಇದರ ಉಲ್ಟಾ, ಒತ್ತಿದರೆ ವಿದ್ಯುತ್ ಹುಟ್ಟಿಸುವ ಕೆಲವು ಹರಳುಗಳ ಗುಣವನ್ನು ಪಿಯೆರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ 1880ರಲ್ಲೇ ಕಂಡುಕೊಂಡಿದ್ದರು. ಕೊನಿಕಾ, ಝಾರ್ ಹೆಡ್‌ಗಳಲ್ಲಿ ಇಂಕ್ ನಿಲ್ಲುವ ಸಣ್ಣ ನಾಲೆಗಳ ಗೋಡೆಯೇ ಈ ಸೆರಾಮಿಕ್. ಪಕ್ಕಪಕ್ಕದ ಎರಡು ನಾಲೆಗಳಿಗೆ ಒಂದೇ ಗೋಡೆ. ಅದು ಬಿರುಕು ಬಿಟ್ಟರೆ ಎರಡು ನಾಜಲ್ ಒಟ್ಟಿಗೆ ಹೋಗುತ್ತವೆ, ಯಾವ ಕ್ಲೀನಿಂಗ್ ಸೊಲ್ಯೂಶನ್ ಹಾಕಿದರೂ ವಾಪಸು ಬರುವುದಿಲ್ಲ. ಸಿರಿಂಜ್ ಹಿಡಿದವರು ನೆನಪಿಡಬೇಕಾದ ಮೊದಲ ಸಂಗತಿ ಇದು. ಒಳಗಿರುವುದು ತೆಳ್ಳಗಿನ ಪಿಂಗಾಣಿ ಗೋಡೆ, ಅಂಟಿನಿಂದ ಕೂಡಿಸಿದ ತಟ್ಟೆ.

ಇನ್ನು ಇಂಕ್. ಸಾಲ್ವೆಂಟ್ ಇಂಕ್‌ನಲ್ಲಿ ಬಣ್ಣದ ನುಣ್ಣನೆಯ ಪುಡಿ ಇದೆ, ಅದನ್ನು ಫ್ಲೆಕ್ಸ್‌ಗೆ ಅಂಟಿಸುವ ವಿನೈಲ್ ಅಥವಾ ಅಕ್ರಿಲಿಕ್ ರಾಳ ಇದೆ, ಎರಡನ್ನೂ ಹೊತ್ತೊಯ್ಯುವ ಸೈಕ್ಲೋಹೆಕ್ಸನೋನ್‌ನಂಥ ದ್ರಾವಕ ಇದೆ. ದ್ರಾವಕ ಹಾರಿಹೋದರೆ ರಾಳ ಗಟ್ಟಿಯಾಗುತ್ತದೆ. ಫ್ಲೆಕ್ಸ್ ಮೇಲೆ ಹಾಗಾಗಬೇಕು, ಅದಕ್ಕೇ ಹೀಟರ್. ನಾಜಲ್ ಬಾಯಲ್ಲಿ ಆಗಬಾರದು. ಆರುತ್ತಿರುವ ಹಾಲಿನ ಮೇಲೆ ಕೆನೆ ಕಟ್ಟುವಂತೆ ಅಲ್ಲಿ ಮೊದಲು ಕಟ್ಟುವುದು ಮೆತ್ತನೆಯ ಪದರ. ಆ ಹಂತದಲ್ಲಿ ಇಂಕನ್ನು ಒತ್ತಿ ಹೊರಬಿಡುವ ಒಂದು ಸಣ್ಣ ಪರ್ಜ್ ಸಾಕು. ಎರಡು ದಿನ ಬಿಟ್ಟರೆ ಬಿರಡೆ, ಎರಡು ವಾರ ಬಿಟ್ಟರೆ ನಾಲೆಯ ಒಳಗಿನವರೆಗೂ ರಾಳ.

ಈ ಊರಿನ ಫ್ಲೆಕ್ಸ್ ಅಂಗಡಿಗಳಿಗೆ ಮಷಿನ್ ಸುಮ್ಮನೆ ನಿಲ್ಲುವುದು ಹೊಸದೇನಲ್ಲ. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳನ್ನೂ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಖಾರವಾಗಿ ತರಾಟೆಗೆ ತೆಗೆದುಕೊಂಡ ಮೇಲೆ ಆಗಿನ ಬಿಬಿಎಂಪಿ ಕೆಲವೇ ಗಂಟೆಗಳಲ್ಲಿ ಸಾವಿರಾರು ಬ್ಯಾನರ್ ಇಳಿಸಿತು, ಆರ್ಡರ್‌ಗಳು ಏಕಾಏಕಿ ನಿಂತವು. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಆಪರೇಟರ್‌ಗಳು ಊರಿಗೆ ಹೋದರು, ಅಂಗಡಿಗೆ ಬೀಗ ಬಿತ್ತು, ಇಂಕ್ ತುಂಬಿದ ಹೆಡ್‌ಗಳು ಬೇಸಿಗೆಯಲ್ಲಿ ಹಾಗೇ ಉಳಿದವು. ಇದಕ್ಕೆ ತದ್ವಿರುದ್ಧವಾಗಿ, ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು, 2024ರ ಫೆಬ್ರುವರಿ 28 ಕೊನೆಯ ದಿನ ಎಂದಾಗ ಹೊಸ ಬೋರ್ಡ್‌ಗಳಿಗೆ ಅವಸರವೋ ಅವಸರ. ಗಣೇಶನ ಹಬ್ಬಕ್ಕೆ, ನವೆಂಬರ್‌ನ ರಾಜ್ಯೋತ್ಸವಕ್ಕೆ, ಚುನಾವಣೆಗೆ ಇದೇ ಕಥೆ. ಒಂದು ವಾರ ನಿದ್ದೆಯಿಲ್ಲ, ಮರು ವಾರ ಕೆಲಸವಿಲ್ಲ. ಬೀದಿಗೆ ಅಕ್ರಮ ಬ್ಯಾನರ್ ಬೇಡ ಎಂಬ ಕೋರ್ಟಿನ ಮಾತು ಸರಿಯೇ, ಅದರ ಬಗ್ಗೆ ಇಲ್ಲಿ ತಕರಾರಿಲ್ಲ. ಆದರೆ ಕೆಲಸ ಕಡಿಮೆಯಾದ ವಾರದಲ್ಲೇ ಹೆಡ್‌ಗೆ ಹೆಚ್ಚು ಆರೈಕೆ ಬೇಕು ಎಂಬುದನ್ನು ಈ ವರ್ಷಗಳು ಚೆನ್ನಾಗಿಯೇ ಕಲಿಸಿವೆ.

ಹಾಗಾದರೆ ದಿನದ ಕೊನೆಗೆ ಏನು ಮಾಡಬೇಕು? ಹೀಟರ್‌ಗಳನ್ನು ಮೊದಲು ಆಫ್ ಮಾಡಿ, ಕ್ಯಾರೇಜ್ ಕೆಳಗಿನ ಬಿಸಿ ಇಳಿಯಲಿ. ಒಂದು ಸಣ್ಣ ಪರ್ಜ್ ಕೊಟ್ಟು, ನೂಲು ಬಿಡದ ಕ್ಲೀನಿಂಗ್ ಬಟ್ಟೆಯನ್ನು ಫ್ಲಶ್‌ನಲ್ಲಿ, ಅಂದರೆ ಕ್ಲೀನಿಂಗ್ ಸೊಲ್ಯೂಶನ್‌ನಲ್ಲಿ, ನೆನೆಸಿ, ತಟ್ಟೆಯ ಮೇಲೆ ಒಂದೇ ದಿಕ್ಕಿಗೆ, ಒತ್ತದೆ ಎಳೆಯಿರಿ. ಒಂದು ಬಣ್ಣಕ್ಕೆ ಬಳಸಿದ ಮಡಿಕೆಯನ್ನು ಇನ್ನೊಂದಕ್ಕೆ ತಾಗಿಸಬೇಡಿ. ಹಳೆಯ ಬನಿಯನ್ ತುಂಡು ಬೇಡವೇ ಬೇಡ. ಅದರ ಒಂದು ನೂಲಿನ ಎಳೆ ಎಷ್ಟೋ ನಾಜಲ್‌ಗಳನ್ನು ಒಟ್ಟಿಗೆ ಮುಚ್ಚುತ್ತದೆ. ತಟ್ಟೆಯ ಮೇಲೆ ಇಂಕ್ ನಿಲ್ಲದಂತೆ ಮಾಡುವ ತೆಳು ಲೇಪನ ಒಂದಿದೆ, ಉಜ್ಜಿದಷ್ಟೂ ಅದು ಸವೆಯುತ್ತದೆ. ಲೇಪನ ಹೋದ ಹೆಡ್‌ನಲ್ಲಿ ಎಷ್ಟು ಒರೆಸಿದರೂ ಅರ್ಧ ಗಂಟೆಗೆ ಇಂಕ್ ಮತ್ತೆ ತೊಟ್ಟಿಕ್ಕುತ್ತದೆ.

ಆಮೇಲೆ ಮುಚ್ಚುವುದು. ಎಪ್ಸನ್ ಹೆಡ್ ಮಷಿನ್‌ಗಳಲ್ಲಿ ಕ್ಯಾಪಿಂಗ್ ಸ್ಟೇಷನ್ ಇದೆ. ಅದರ ರಬ್ಬರ್ ಅಂಚಿನಲ್ಲಿ ಇಂಕ್ ಒಣಗಿ ಗಟ್ಟಿಯಾಗಿದ್ದರೆ ಹೆಡ್ ಕ್ಯಾಪ್ ಮೇಲೆ ಕೂತಿದ್ದರೂ ಗಾಳಿ ಆಡುತ್ತಿರುತ್ತದೆ, ಆದ್ದರಿಂದ ಆ ಅಂಚು ಮತ್ತು ವೈಪರ್ ಎರಡನ್ನೂ ದಿನಾ ಒರೆಸಬೇಕು. ದೊಡ್ಡ ಕೊನಿಕಾ, ಪೋಲಾರಿಸ್ ಮಷಿನ್‌ಗಳಲ್ಲಿ ಎಷ್ಟೋ ಕಡೆ ಬಿಗಿಯಾದ ಕ್ಯಾಪ್ ಇರುವುದೇ ಇಲ್ಲ. ಅಲ್ಲಿ ಫ್ಲಶ್ ಹಾಕಿದ ಟ್ರೇ ಅಥವಾ ಸ್ಪಂಜನ್ನು ತಟ್ಟೆಗೆ ತಗಲಿಯೂ ತಗಲದ ಹಾಗೆ ಇಡುವುದು ರೂಢಿ, ಒಳ್ಳೆಯ ರೂಢಿ. ಹಗಲು ಆರ್ಡರ್ ಇಲ್ಲದ ಹೊತ್ತಿನಲ್ಲಿ, ನಾಜಲ್‌ಗಳಿಂದ ಆಗಾಗ ಸಣ್ಣಗೆ ಇಂಕ್ ಚಿಮ್ಮಿಸುವ ಫ್ಲಾಶ್ ಆನ್ ಇರಲಿ. ಇಂಕ್ ವೇಸ್ಟ್ ಆಗುತ್ತದೆ ಎಂದು ಅದನ್ನು ಆಫ್ ಮಾಡಿಸುವ ಮಾಲೀಕರಿದ್ದಾರೆ. ಅವರು ಉಳಿಸುವುದು ಕೆಲವು ಮಿಲಿಲೀಟರ್ ಇಂಕ್. ಕೊನಿಕಾ ಅಥವಾ ಪೋಲಾರಿಸ್ ಹೆಡ್ ಒಂದರ ಬೆಲೆ ಆಪರೇಟರ್‌ನ ತಿಂಗಳ ಸಂಬಳಕ್ಕಿಂತ ಹೆಚ್ಚು.

ಕರೆಂಟ್ ಹೋದಾಗಿನ ಮಾತು ಬೇರೆಯೇ ಹೇಳಬೇಕು. ಪ್ರಿಂಟ್ ನಡುವೆ ಕರೆಂಟ್ ಹೋದರೆ ಕ್ಯಾರೇಜ್ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ, ಕೆಳಗೆ ಇನ್ನೂ ಬಿಸಿಯಾದ ಪಟ್ಟಿ. ಬೆಸ್ಕಾಂ ಲೈನ್ ಯಾವಾಗ ಬರುತ್ತದೋ ಎಂದು ಟೀ ಕುಡಿಯಲು ಹೊರಡುವ ಮೊದಲು ಮೇನ್ ಸ್ವಿಚ್ ತೆಗೆದು, ಕ್ಯಾರೇಜ್ ಅನ್ನು ಕೈಯಿಂದ ಮೆಲ್ಲಗೆ ದೂಡಿ ಕ್ಯಾಪಿಂಗ್ ಜಾಗಕ್ಕೆ ತನ್ನಿ. ಯುಪಿಎಸ್ ಇದ್ದರಂತೂ ಅದರ ಮೊದಲ ಕೆಲಸ ಹೆಡ್‌ಗಳನ್ನು ಮನೆ ಸೇರಿಸುವುದು. ಅರ್ಧ ಉಳಿದ ಬ್ಯಾನರ್ ಮುಗಿಸುವುದು ಆಮೇಲೆ.

ಈಗ ಟೆಸ್ಟ್ ಪ್ರಿಂಟ್. ಇದನ್ನು ಓದಲು ಬಂದರೆ ಅರ್ಧ ಸಿರಿಂಜ್ ಕೆಲಸ ತಪ್ಪಿದಂತೆಯೇ. ಗೆರೆ ಬರುತ್ತಿದೆ ಎಂದ ಕೂಡಲೇ ಎಲ್ಲರೂ ‘ಹೆಡ್ ಬ್ಲಾಕ್’ ಎನ್ನುತ್ತಾರೆ. ಎಲ್ಲವೂ ಬ್ಲಾಕ್ ಅಲ್ಲ. ಒಂದಾದ ಮೇಲೊಂದು ಮೂರು ಟೆಸ್ಟ್ ಪ್ರಿಂಟ್ ತೆಗೆದು, ಮೂರನ್ನೂ ಬೆಳಕಿಗೆ ಹಿಡಿದು ಪಕ್ಕಪಕ್ಕ ಇಟ್ಟು ನೋಡಿ. ತಪ್ಪಿದ ಗೆರೆಗಳು ಮೂರರಲ್ಲೂ ಅದದೇ ಜಾಗದಲ್ಲಿದ್ದರೆ ಅಲ್ಲಿ ಒಣಗಿದ ಇಂಕ್ ಇರಬಹುದು, ಇಲ್ಲವೇ ಆ ನಾಜಲ್‌ನ ಪೀಜೋ ಸತ್ತಿರಬಹುದು. ಗೆರೆಗಳು ಜಾಗ ಬದಲಿಸುತ್ತಿದ್ದರೆ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಹೋಗಿ ಬರುತ್ತಿದ್ದರೆ, ಅದು ಬ್ಲಾಕ್ ಅಲ್ಲವೇ ಅಲ್ಲ, ನಾಲೆಯಲ್ಲಿ ಗಾಳಿ ಸೇರಿದೆ ಅಥವಾ ನೆಗೆಟಿವ್ ಪ್ರೆಶರ್ ಏರುಪೇರಾಗಿದೆ. ಆಗ ನೋಡಬೇಕಾದದ್ದು ಸಬ್‌ಟ್ಯಾಂಕ್, ಪೈಪಿನ ಸಡಿಲ ಜೋಡಣೆ, ವ್ಯಾಕ್ಯೂಮ್ ಪಂಪ್. ಅಂಥ ಹೆಡ್‌ಗೆ ಸಿರಿಂಜ್ ಹಾಕಿದರೆ ಇನ್ನಷ್ಟು ಗಾಳಿ ಒಳಗೆ ಹೋಗುತ್ತದೆ, ಅಷ್ಟೆ.

ಇನ್ನೊಂದು ಬಗೆಯಿದೆ. ಟೆಸ್ಟ್ ಪ್ರಿಂಟ್‌ನಲ್ಲಿ ಎಲ್ಲ ಗೆರೆಯೂ ಇದೆ, ಆದರೆ ಬ್ಯಾನರ್ ಅರ್ಧಕ್ಕೆ ಬಂದ ಮೇಲೆ ಗಾಢ ಬಣ್ಣದ ಜಾಗ ಪೇಲವವಾಗುತ್ತದೆ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಹೋಗುತ್ತದೆ. ಹೆಡ್‌ಗೆ ಸಾಕಷ್ಟು ಇಂಕ್ ತಲುಪುತ್ತಿಲ್ಲ ಎಂದು ಇದರ ಅರ್ಥ. ಕಟ್ಟಿಕೊಂಡಿರುವುದು ಫಿಲ್ಟರ್, ಎಪ್ಸನ್ ಮಷಿನ್ ಆದರೆ ಡ್ಯಾಂಪರ್. ಕೆಲವು ನೂರು ರೂಪಾಯಿಯ ಬಿಡಿಭಾಗದ ತಪ್ಪನ್ನು ಹೆಡ್ ಮೇಲೆ ಹೊರಿಸಿ, ಚೆನ್ನಾಗಿದ್ದ ಹೆಡ್ ಬಿಚ್ಚಿ ತೊಳೆದು ಕೆಡಿಸುವುದು ಸರ್ವಿಸ್ ಎಂಜಿನಿಯರ್‌ಗಳು ಬೇಸರದಿಂದ ಹೇಳುವ ಸಂಗತಿ. ಇಡೀ ಸಾಲಿಗೆ ಸಾಲೇ ಒಮ್ಮೆಲೇ ಮಾಯವಾದರೆ, ಅಥವಾ ಲೆಕ್ಕವಿಟ್ಟಂತೆ ಇಂತಿಷ್ಟಕ್ಕೊಂದು ಗೆರೆ ಇಲ್ಲದಿದ್ದರೆ, ಕೇಬಲ್ ಮತ್ತು ಬೋರ್ಡ್ ಕಡೆ ನೋಡಿ. ಇಂಕ್ ಹೀಗೆ ಅಚ್ಚುಕಟ್ಟಾಗಿ ಒಣಗುವುದಿಲ್ಲ.

ಒಂದೆರಡು ನಾಜಲ್ ಮಾತ್ರ ಹೋಗಿದ್ದರೆ ಏನೂ ಮಾಡಬೇಡಿ. ನಾಲ್ಕು ಪಾಸ್‌ನಲ್ಲಿ ಪ್ರಿಂಟ್ ಕೊಟ್ಟರೆ ಒಂದು ನಾಜಲ್ ಬಿಟ್ಟ ಜಾಗವನ್ನು ಇನ್ನೊಂದು ತುಂಬುತ್ತದೆ. ರಸ್ತೆಯ ಆಚೆಬದಿಯಿಂದ ನೋಡುವ ಬ್ಯಾನರ್‌ನಲ್ಲಿ ಅದು ಯಾರಿಗೂ ಕಾಣುವುದಿಲ್ಲ. ವೇಗಕ್ಕೆಂದು ಎರಡೇ ಪಾಸ್‌ನಲ್ಲಿ ಓಡಿಸುವಾಗ ಮಾತ್ರ ಮುಖದ ಮೇಲೆ, ಸಣ್ಣ ಅಕ್ಷರದ ಒತ್ತುಗಳಲ್ಲಿ ಅದು ಎದ್ದು ಕಾಣುತ್ತದೆ. ಆ ಬ್ಯಾನರ್‌ಗೆ ಅರ್ಧ ಗಂಟೆ ಹೆಚ್ಚು ಕೊಡುವುದು ಹೆಡ್ ಬಿಚ್ಚುವುದಕ್ಕಿಂತ ಎಷ್ಟೋ ಪಾಲು ವಾಸಿ.

ನಿಜಕ್ಕೂ ಒಣಗಿದ ಇಂಕೇ ಆಗಿದ್ದು, ಎರಡು ಮೂರು ಪರ್ಜ್‌ಗೂ ಬಿಡದಿದ್ದರೆ, ಮೊದಲ ಔಷಧ ನೆನೆಸುವುದು. ಚಪ್ಪಟೆ ಟ್ರೇಯಲ್ಲಿ ಒಂದೆರಡು ಮಿಲಿಮೀಟರ್ ಆಳಕ್ಕೆ ಹೊಸ ಫ್ಲಶ್ ಹಾಕಿ, ತಟ್ಟೆಯಷ್ಟೇ ಅದರಲ್ಲಿ ನೆನೆಯುವಂತೆ ಇಡಬೇಕು. ಅದು ರಾತ್ರಿಯೆಲ್ಲ ನೆನೆಯಲಿ. ರಾಳ ಕರಗಲು ಬೇಕಾಗುವುದು ಸಮಯ, ಬಲವಲ್ಲ. ಗಿರಾಕಿ ಕಾಯುತ್ತಿದ್ದರೆ ಆ ಬ್ಯಾನರ್ ಅನ್ನು ಪಕ್ಕದ ಅಂಗಡಿಗೆ ಕಳಿಸಿ. ಇಂದು ನಿಮ್ಮದು ಅವರಲ್ಲಿಗೆ, ನಾಳೆ ಅವರದು ನಿಮ್ಮಲ್ಲಿಗೆ. ಈ ಬಡಾವಣೆಯಲ್ಲಿ ಅಷ್ಟು ದೂರವೇನೂ ಇಲ್ಲ.

ಅದಕ್ಕೂ ಬಗ್ಗದಿದ್ದರೆ ಮಾತ್ರ ಸಿರಿಂಜ್. ಮಷಿನ್ ಪೂರ್ತಿ ಆಫ್, ಕೇಬಲ್ ಬಿಚ್ಚಿದ್ದು, ಕನೆಕ್ಟರ್‌ಗೆ ಒಂದು ಹನಿಯೂ ತಾಗದಂತೆ ಸುತ್ತಿದ್ದು. ಸಿರಿಂಜ್ ಮತ್ತು ಹೆಡ್ ನಡುವೆ ಒಂದು ಫಿಲ್ಟರ್ ಇರಲೇಬೇಕು, ಇಲ್ಲದಿದ್ದರೆ ಫ್ಲಶ್‌ನಲ್ಲಿರುವ ಕಸವನ್ನೇ ಒಳಗೆ ತಳ್ಳಿದಂತಾಗುತ್ತದೆ. ಹೆಬ್ಬೆರಳಿನ ಪೂರ್ತಿ ಬಲ ಹಾಕಬೇಡಿ. ತಟ್ಟೆಯಿಂದ ಫ್ಲಶ್ ಸಣ್ಣ ಎಳೆಗಳಾಗಿ ಹೊರಬರತೊಡಗುವಷ್ಟು ಒತ್ತಡ ಸಾಕು. ಆ ಎಳೆಗಳನ್ನು ಟಾರ್ಚ್ ಹಿಡಿದು ಅಡ್ಡದಿಂದ ನೋಡಿ. ನೇರ ಇಳಿಯುವ ಎಳೆ ಒಳ್ಳೆಯ ನಾಜಲ್‌ನದು. ಓರೆಯಾಗಿ ಹೋಗಿ ಪಕ್ಕದ ಎಳೆಗೆ ಸೇರುವುದು ಅರ್ಧ ಮುಚ್ಚಿದ್ದು. ಎಳೆಯೇ ಇಲ್ಲದ ಜಾಗ ಪೂರ್ತಿ ಮುಚ್ಚಿದ್ದು. ಒಳಗಿನಿಂದ ಬಂದ ಕಸ ನಾಜಲ್‌ಗಿಂತ ದೊಡ್ಡದಾಗಿದ್ದರೆ ಎಷ್ಟು ತಳ್ಳಿದರೂ ಆ ದಾರಿಯಲ್ಲಿ ಹೊರಬರುವುದಿಲ್ಲ, ಇನ್ನೂ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಆಗ ತಟ್ಟೆಯನ್ನು ಶುದ್ಧ ಫ್ಲಶ್‌ನಲ್ಲಿಟ್ಟು ಸಿರಿಂಜ್‌ನಿಂದ ಮೇಲಕ್ಕೆ ಮೆಲ್ಲಗೆ ಎಳೆದುಕೊಳ್ಳಬೇಕು, ಬಂದ ದಾರಿಯಲ್ಲೇ ಅದು ವಾಪಸು ಹೋಗಲಿ. ಅಲ್ಟ್ರಾಸಾನಿಕ್ ತೊಟ್ಟಿಗೆ ಹಾಕುವುದು ಕೊನೆಯ ಯತ್ನ. ಅದರ ಕಂಪನ ಬರೀ ಇಂಕ್ ಬಿಡಿಸುವುದಿಲ್ಲ, ತಟ್ಟೆಯ ಅಂಟನ್ನೂ ಬಿಡಿಸಬಲ್ಲದು. ಹಾಕಲೇಬೇಕಾದರೆ ತಟ್ಟೆ ಮಾತ್ರ, ಕೆಲವೇ ಸೆಕೆಂಡು.

ಯಾವ ದ್ರವ ಎಂಬುದರಲ್ಲಿ ರಾಜಿ ಬೇಡ. ನಿಮ್ಮ ಇಂಕ್ ಕಂಪನಿಯದೇ ಫ್ಲಶ್ ಬಳಸಿ. ನೀರು ತಾಗಿದರೆ ಸಾಲ್ವೆಂಟ್ ಇಂಕ್‌ನ ರಾಳ ಹಾಲು ಒಡೆದಂತೆ ಒಡೆದು ಅಲ್ಲೇ ನಿಲ್ಲುತ್ತದೆ. ಗಾಜು ಒರೆಸುವ ದ್ರವದಲ್ಲೂ ಇರುವುದು ಹೆಚ್ಚಾಗಿ ನೀರೇ. ಪೇಂಟ್ ಅಂಗಡಿಯ ಥಿನ್ನರ್, ಅಸಿಟೋನ್ ಇಂಕನ್ನೇನೋ ಚಟ್ಟನೆ ಕರಗಿಸುತ್ತವೆ, ಜೊತೆಗೆ ಹೆಡ್ ಒಳಗಿನ ಅಂಟನ್ನೂ ಉಬ್ಬಿಸುತ್ತವೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಬೇರೆ ಕಂಪನಿಯ ಇಂಕನ್ನು ಹಳೆಯದರ ಮೇಲೆ ಸುರಿಯುವುದೂ ಇದೇ ಜಾತಿಯ ತಪ್ಪು. ಎರಡು ರಾಳ ಹೊಂದದಿದ್ದರೆ ಪೈಪಿನೊಳಗೇ ಲೋಳೆ ಕಟ್ಟುತ್ತದೆ. ಇಂಕ್ ಬದಲಿಸಲೇಬೇಕಿದ್ದರೆ ಟ್ಯಾಂಕ್‌ನಿಂದ ಹೆಡ್‌ವರೆಗೆ ಪೂರ್ತಿ ಫ್ಲಶ್ ಮಾಡಿ, ಫಿಲ್ಟರ್‌ಗಳನ್ನೂ ಬದಲಿಸಿ.

ಹೆಡ್‌ನಷ್ಟೇ ಬೆಲೆಯುಳ್ಳದ್ದು, ಅದಕ್ಕಿಂತ ಹೆಚ್ಚಿನದು, ಅದನ್ನು ತೊಳೆಯುವ ಕೈ. ಫ್ಲಶ್ ಮತ್ತು ಇಂಕ್‌ನಲ್ಲಿರುವ ಸೈಕ್ಲೋಹೆಕ್ಸನೋನ್ ಚರ್ಮದ ಮೂಲಕವೂ ದೇಹಕ್ಕೆ ಸೇರುತ್ತದೆ, ಕಣ್ಣು ಗಂಟಲು ಉರಿಸುತ್ತದೆ. ಮೆಡಿಕಲ್ ಶಾಪಿನ ತೆಳು ಕೈಗವಸು ಇದನ್ನು ತಡೆಯುವುದಿಲ್ಲ. ನೈಟ್ರೈಲ್ ಕೂಡ ಸ್ವಲ್ಪ ಹೊತ್ತಿಗಷ್ಟೇ, ಒದ್ದೆಯಾದ ಕೂಡಲೇ ಬದಲಿಸಬೇಕು. ಹೆಡ್ ತೊಳೆಯುವಂಥ ದೀರ್ಘ ಕೆಲಸಕ್ಕೆ ಬ್ಯೂಟೈಲ್ ರಬ್ಬರ್ ಕೈಗವಸು ಬೇಕು, ಕಣ್ಣಿಗೆ ಕನ್ನಡಕ ಬೇಕು. ಈ ದ್ರಾವಕದ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ, ಆದ್ದರಿಂದ ಅದು ನೆಲದ ಮಟ್ಟದಲ್ಲಿ ಕೂರುತ್ತದೆ. ಚಾವಣಿ ಹತ್ತಿರ ಎಕ್ಸಾಸ್ಟ್ ಫ್ಯಾನ್ ಹಾಕಿದ ಬೇಸ್‌ಮೆಂಟ್ ಅಂಗಡಿಯಲ್ಲಿ, ಮಷಿನ್ ಪಕ್ಕ ಚಾಪೆ ಹಾಸಿ ಮಲಗುವ ಹುಡುಗ ರಾತ್ರಿಯೆಲ್ಲ ಅದನ್ನೇ ಉಸಿರಾಡುತ್ತಾನೆ. ಮಾಲೀಕರು ಇದನ್ನು ನಿಲ್ಲಿಸಲೇಬೇಕು. ಫ್ಯಾನ್ ಕೆಳಗೆ ಬರಲಿ, ಹುಡುಗ ಮಲಗುವುದು ಬೇರೆ ಕೋಣೆಯಲ್ಲಾಗಲಿ. ಗಾಳಿ ಒಳಬರುವ ಕಡೆ ಒಂದು ಫಿಲ್ಟರ್ ಜಾಲರಿ ಇದ್ದರೆ ರಿಂಗ್ ರಸ್ತೆಯ ಧೂಳು ತಟ್ಟೆಗೆ ಅಂಟುವುದೂ ತಪ್ಪುತ್ತದೆ.

ತೊಳೆದ ಮೇಲಿನ ಕೊಳೆ ಫ್ಲಶ್ ಮೋರಿಗೆ ಹೋಗಬಾರದು. ಬಳಸಿ ಬಿಟ್ಟ ದ್ರಾವಕ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಮುಚ್ಚಳವಿರುವ ಕ್ಯಾನ್‌ನಲ್ಲಿ ಕೂಡಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಕೊಡುವುದು ಮಾಲೀಕರ ಹೊಣೆ. ಒಂದೊಂದು ಅಂಗಡಿಯದು ಸ್ವಲ್ಪವೇ ಆದ್ದರಿಂದ ನಾಲ್ಕೈದು ಅಂಗಡಿಯವರು ಸೇರಿ ಮಾಡಿದರೆ ಸುಲಭ.

ಮಾಲೀಕರಲ್ಲಿ ಇನ್ನೊಂದು ಕೋರಿಕೆ. ಪ್ರತಿ ಮಷಿನ್ ಪಕ್ಕ ಒಂದು ನೋಟ್‌ಬುಕ್ ಕಟ್ಟಿ. ಬೆಳಿಗ್ಗೆಯ ಟೆಸ್ಟ್ ಪ್ರಿಂಟ್ ಕತ್ತರಿಸಿ ಅಂಟಿಸಿ, ಪಕ್ಕದಲ್ಲಿ ತಾರೀಕು, ಫಿಲ್ಟರ್ ಬದಲಿಸಿದ್ದರೆ ಅದು, ಇಂಕ್ ಕ್ಯಾನ್‌ನ ಬ್ಯಾಚ್ ನಂಬರ್. ಆಪರೇಟರ್ ಬದಲಾದರೂ ಹೆಡ್‌ನ ಚರಿತ್ರೆ ಅಂಗಡಿಯಲ್ಲಿ ಉಳಿಯುತ್ತದೆ. ಸಂಜೆ ಹೆಡ್ ಆರೈಕೆಯ ಹತ್ತು ನಿಮಿಷ ಆಪರೇಟರ್‌ನ ಕೆಲಸದ ಸಮಯದಲ್ಲೇ ಸೇರಲಿ. ಹತ್ತು ಗಂಟೆ ದುಡಿದವನು ಮನೆಗೆ ಹೋಗುವ ಹೊತ್ತಿನಲ್ಲಿ ಅದನ್ನು ತನ್ನ ಲೆಕ್ಕದಲ್ಲಿ ಮಾಡಲಿ ಎಂದರೆ ಅದು ಆಗುವುದಿಲ್ಲ, ಆಗಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಹೆಡ್ ಹೋದರೆ ಅವನ ಸಂಬಳದಲ್ಲಿ ಹಿಡಿಯುವುದಂತೂ ತಪ್ಪು. ಹಾಗೆ ಹಿಡಿಯುವ ಅಂಗಡಿಯಲ್ಲಿ ಹುಡುಗರು ತೊಂದರೆಯನ್ನು ಮುಚ್ಚಿಡುತ್ತಾರೆ, ಗೊತ್ತಾಗುವ ಹೊತ್ತಿಗೆ ರಾಳ ಗಟ್ಟಿಯಾಗಿರುತ್ತದೆ.

ಕೊನೆಯದಾಗಿ ಆಯುಧಪೂಜೆ. ಮಷಿನ್ ತೊಳೆದು, ಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಶಟರ್ ಎಳೆದರೆ ವಿಜಯದಶಮಿ ಕಳೆದು ಆಪರೇಟರ್‌ಗಳು ಊರಿಂದ ಬರುವವರೆಗೆ ಎರಡು ಮೂರು ದಿನ ರಜೆ. ಪೂಜೆ ಭಕ್ತಿಯಿಂದಲೇ ನಡೆಯಲಿ, ಆದರೆ ಕುಂಕುಮ, ವಿಭೂತಿ ಮಷಿನ್‌ನ ಹೊರಮೈಗೆ ಮಾತ್ರ ಇರಲಿ, ಕ್ಯಾರೇಜ್ ಓಡುವ ಹಳಿಯ ಹತ್ತಿರವಾಗಲೀ ಹೆಡ್ ಮೇಲಾಗಲೀ ಬೇಡ. ಕರ್ಪೂರದ ಆರತಿ, ಊದುಬತ್ತಿ ಬಾಗಿಲ ಹೊರಗೆ. ಸೈಕ್ಲೋಹೆಕ್ಸನೋನ್ 44 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ, ಹೀಟರ್ ಓಡಿದ ಮಷಿನ್ ಮುಂದೆ ಅದು ದೊಡ್ಡ ಬಿಸಿಯೇನಲ್ಲ. ಮೂರು ದಿನಕ್ಕಿಂತ ಹೆಚ್ಚು ರಜೆಯಿದ್ದರೆ ಹೆಡ್‌ಗಳಿಂದ ಇಂಕ್ ತೆಗೆದು ಫ್ಲಶ್ ತುಂಬಿಸಿ ಮುಚ್ಚಿ. ಅದಕ್ಕಿಂತ ಕಡಿಮೆಯಾದರೆ ಟ್ರೇಯಲ್ಲಿ ಫ್ಲಶ್ ಹೊಸದಾಗಿ ಹಾಕಿ, ಅಂಗಡಿಯ ಹತ್ತಿರ ಮನೆಯಿರುವ ಯಾರಾದರೂ ದಿನಕ್ಕೊಮ್ಮೆ ಬಂದು ಮಷಿನ್ ಆನ್ ಮಾಡಿ ಒಂದು ಪರ್ಜ್, ಒಂದು ಟೆಸ್ಟ್ ಪ್ರಿಂಟ್ ಕೊಟ್ಟು ಹೋಗುವಂತೆ ಮೊದಲೇ ಮಾತಾಡಿಕೊಳ್ಳಿ. ಹಾಗೆ ಬಂದವರಿಗೆ ಆ ದಿನದ ಸಂಬಳ ಕೊಡಿ. ಅವರು ತೆಗೆದ ಟೆಸ್ಟ್ ಪ್ರಿಂಟ್‌ಗಳನ್ನೂ ತಾರೀಕು ಹಾಕಿ ನೋಟ್‌ಬುಕ್‌ನಲ್ಲಿ ಅಂಟಿಸಿ.